ಕಾಳಿಯೊಡನೆ ಕಾಡಿನಲ್ಲಿ

ನಾಯಿಯೊಂದರ ವಿಷಯವಾಗಿ ಮಾತನಾಡುತ್ತೇನೆಂದು ನಾನು ಹೇಳಿದಾಗ ಆಕಾಶವಾಣಿಯ ಮಿತ್ರರು ಕ್ಷಣಕಾಲ ಸುಮ್ಮನಾದರು. ಮೂವತ್ತು ವರ್ಷಗಳಿಗೂ ಮಿಕ್ಕು ಹಳಗನ್ನಡದ ಪಾಠ ಹೇಳಿದವನು ಪಂಪನನ್ನೋ ರನ್ನನನ್ನೋ ಕುರಿತು ನಾಲ್ಕು ಮಾತಾಡುವನೆಂದು ಅವರು ನಿರೀಕ್ಷಿಸಿದ್ದರೆ ಅದು ಸಹಜವೇ. ಆದರೆ ನಿವೃತ್ತನಾದ ಮೇಲಿನ ಈ ಐದಾರು ವರ್ಷಗಳಲ್ಲಿ ನಾನು ಪಾಠ ಹೇಳಿದ್ದಕ್ಕಿಂತ ಹೇಳಿಸಿಕೊಂಡದ್ದೇ ಹೆಚ್ಚು. ಹೇಳಿಕೊಟ್ಟದ್ದು ಒಂದು ಊರುನಾಯಿ. ಆ ಪಾಠದ ಕಡೆಯ ಭಾಗ ನನಗೆ ಇನ್ನೂ ಸರಿಯಾಗಿ ಅರಗಿಲ್ಲ. ಅದಕ್ಕಾಗಿಯೇ ಇಂದು ಅದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ನಾನೀಗ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಯ ಕಡೆಗೆ ಸರಿದಿರುವ ಒಂದು ಹಳ್ಳಿಯಲ್ಲಿ. ಹಳ್ಳಿ ಎಂದರೆ ನಾಲ್ಕು ಮನೆ, ಮನೆಯಿಂದ ಮನೆಗೆ ಒಂದು ಗುಡ್ಡ. ಆಗುಂಬೆಯ ಮಳೆಯ ಸುದ್ದಿ ಎಲ್ಲರಿಗೂ ತಿಳಿದದ್ದೇ. ವರ್ಷಕ್ಕೆ ಸುಮಾರು ೭,೫೦೦ ಮಿಲಿಮೀಟರ್ ಮಳೆ ಬೀಳುವ ಊರು ಅದು. ೧೯೪೬ರ ಆಗಸ್ಟ್ ಒಂದೇ ತಿಂಗಳಲ್ಲಿ ೪,೫೦೮ ಮಿಲಿಮೀಟರ್ ಸುರಿದದ್ದು ದಾಖಲೆಯಾಗಿ ಉಳಿದಿದೆ. ಇಂಥ ಮಳೆಯನ್ನು ಕುಡಿದು ಬೆಳೆದ ಕಾಡು ನಮ್ಮ ಮನೆಯ ಹಿಂದಿನ ಅಡಕೆತೋಟದ ಬೇಲಿಯಿಂದಲೇ ಆರಂಭವಾಗುತ್ತದೆ. ಮೊದಲು ಸೊಪ್ಪಿನಬೆಟ್ಟ, ಆಮೇಲೆ ಮೀಸಲು ಅರಣ್ಯ, ಅದರಾಚೆ ಗಡಿಕಲ್ಲು ನೆಟ್ಟ ಅಭಯಾರಣ್ಯ. ಅಪ್ಪಣೆಯಿಲ್ಲದೆ ಆ ಕಲ್ಲನ್ನು ದಾಟುವಂತಿಲ್ಲ, ನಾಯಿಯನ್ನಂತೂ ಒಯ್ಯುವಂತಿಲ್ಲ. ನಾನು ದಿನವೂ ತಿರುಗಾಡುತ್ತಿದ್ದುದು ಕಲ್ಲಿನ ಈಚೆಗಿರುವ ಹಳೆಯ ಗಾಡಿದಾರಿಯಲ್ಲಿ. ನಾನು ನಿಯಮವನ್ನು ಎಂದೂ ಮೀರಿದವನಲ್ಲವೆಂಬ ಸಮಾಧಾನ ನನಗಿತ್ತು. ಆ ಸಮಾಧಾನದ ಗತಿ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ನೆರೆಯ ಗೌಡರು ಎಂಬತ್ತರ ಆಚೀಚಿನವರು. ಅವರ ಕೊಟ್ಟಿಗೆಯಲ್ಲಿ ಹುಟ್ಟಿದ ಐದು ಮರಿಗಳಲ್ಲಿ ಒಂದು ನಮ್ಮ ಮನೆಗೆ ಬಂತು. ಬಣ್ಣ ಒಣಗಿದ ಅಡಕೆಸಿಪ್ಪೆಯದು. ಕಿವಿ ಒಂದು ನೆಟ್ಟಗೆ, ಒಂದು ಜೋಲು. ಹೆಸರಿಡುವ ಪ್ರಸಂಗದಲ್ಲಿ ನನ್ನೊಳಗಿನ ಮೇಷ್ಟರು ಎಚ್ಚೆತ್ತು ‘ಕಾಳಿ’ ಎಂದು ಕರೆದುಬಿಟ್ಟರು. ಕಪ್ಪಲ್ಲದ ನಾಯಿಗೆ ಕಾಳಿಯೆಂಬ ಹೆಸರು ಹೇಗೆ ಸಲ್ಲುತ್ತದೆಂದು ಗೌಡರು ಕೇಳಿದರು. ದೇವಿಯ ಹೆಸರನ್ನು ನಾಯಿಗಿಡುವರೇ ಎಂದು ನನ್ನ ಮನೆಯವರು ಮುನಿಸಿಕೊಂಡರು. ಇಬ್ಬರಿಗೂ ನಾನು ಆತಕೂರಿನ ಶಾಸನದ ಕಥೆಯನ್ನು ಹೇಳಬೇಕಾಯಿತು.

ಕೇಳುಗರಲ್ಲಿ ಹಲವರು ಅದನ್ನು ಬಲ್ಲರು. ಶಕವರ್ಷ ೮೭೨ರ, ಎಂದರೆ ಕ್ರಿ.ಶ. ೯೪೯-೫೦ರ ಶಾಸನ ಅದು. ದೊರೆತದ್ದು ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ ಗಂಗರ ಬೂತುಗನು ಕೃಷ್ಣನ ಕಡೆಗಿದ್ದನು. ಬೂತುಗನ ಆಳು ಮಣಲೇರನೆಂಬ ವೀರ. ಅವನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದು ಒಡೆಯನು ಹೇಳಿದಾಗ ಅವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಒಡೆಯನ ಬಳಿಯಿದ್ದ ಕಾಳಿಯೆಂಬ ನಾಯಿಯನ್ನು ಬೇಡಿದನು. ಕೊಟ್ಟರು. ಆ ಕಾಳಿಯನ್ನು ಅವನು ಕೆಳಲೆನಾಡಿನ ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟನು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಅಲ್ಲಿಯೇ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟನು.

ಈ ಶಾಸನವನ್ನು ನಾನು ಎಷ್ಟು ತಂಡದ ವಿದ್ಯಾರ್ಥಿಗಳಿಗೆ ಓದಿಸಿದ್ದೇನೋ ಲೆಕ್ಕವಿಲ್ಲ. ಸ್ವಾಮಿನಿಷ್ಠೆ, ಕೃತಜ್ಞತೆ, ಮೂಕಪ್ರಾಣಿಗೂ ಕಲ್ಲು ನಿಲ್ಲಿಸಿದ ಕನ್ನಡಿಗರ ಔದಾರ್ಯ, ಇವುಗಳನ್ನು ಕುರಿತು ನಾನು ಆಡುತ್ತಿದ್ದ ಮಾತುಗಳು ಎಷ್ಟು ಪಳಗಿದ್ದವೆಂದರೆ ನಡುವೆ ಗಂಟೆ ಹೊಡೆದರೂ ವಾಕ್ಯ ತಪ್ಪುತ್ತಿರಲಿಲ್ಲ. ಕಥೆ ಕೇಳಿ ನನ್ನ ಮನೆಯವರು ಸಮಾಧಾನಗೊಂಡರು. ಗೌಡರು ಮಾತ್ರ, “ಆ ಹಂದೀಗೆ ಏನು ಮಾಡಿದ್ರು ಮೇಷ್ಟ್ರೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಲೆಯಡಕೆಯ ಚೀಲಕ್ಕೆ ಕೈಹಾಕಿದರು. ಅದನ್ನು ನಾನು ತಮಾಷೆಯೆಂದೇ ತಿಳಿದೆ.

ಕಾಳಿಯೊಡನೆ ಕಾಡಿಗೆ ಹೋಗಲಾರಂಭಿಸಿದ ಮೇಲೆ, ಅದುವರೆಗೆ ನಾನು ಕಾಡನ್ನು ಬರಿಯ ಕಣ್ಣಿನಿಂದ, ಅದೂ ಪುಸ್ತಕದ ಕಣ್ಣಿನಿಂದ, ನೋಡುತ್ತಿದ್ದೆನೆಂಬುದು ಅರಿವಿಗೆ ಬಂತು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಐವತ್ತು ಅರವತ್ತು ಲಕ್ಷವಿದ್ದರೆ ನಾಯಿಯ ಮೂಗಿನಲ್ಲಿ ಇಪ್ಪತ್ತು ಕೋಟಿಗೂ ಮಿಕ್ಕು ಇರುತ್ತವೆಂದು ತಿಳಿದವರು ಹೇಳುತ್ತಾರೆ. ಲೆಕ್ಕ ಹಾಗಿರಲಿ, ಅದರ ಅರ್ಥ ನನಗೆ ಆದದ್ದು ದಾರಿಯ ಬದಿಯ ಒಂದು ಹೆಬ್ಬಲಸಿನ ಬುಡದಲ್ಲಿ. ಕಾಳಿ ದಿನವೂ ಅಲ್ಲಿ ನಿಲ್ಲುತ್ತಿದ್ದಳು. ಪಂಡಿತರೊಬ್ಬರು ತಾಳೆಗರಿಯ ಅಕ್ಷರವನ್ನು ಬಿಡಿಸುವಂತೆ, ಒಂದು ಬೇರಿನಿಂದ ಇನ್ನೊಂದಕ್ಕೆ ಹೋಗಿ, ಮತ್ತೆ ಮೊದಲಿನದಕ್ಕೆ ಬಂದು, ಸಂದೇಹ ನಿವಾರಿಸಿಕೊಂಡು ಮುಂದೆ ನಡೆಯುತ್ತಿದ್ದಳು. ರಾತ್ರಿ ಅಲ್ಲಿ ಯಾರು ಯಾರು ಹಾದುಹೋದರು, ಯಾರು ನಿಂತರು, ಎಷ್ಟು ಹೊತ್ತಾಯಿತು, ಇವೆಲ್ಲ ಅವಳಿಗೆ ಓದಲು ಬರುತ್ತಿತ್ತು. ಪಕ್ಕದಲ್ಲಿ ನಿಂತ ಎಂ.ಎ. ಪದವೀಧರನಿಗೆ ಅಕ್ಷರಜ್ಞಾನವೇ ಇರಲಿಲ್ಲ.

ಕ್ರಮೇಣ ಅವಳ ಮೈಯನ್ನು ನೋಡಿ ನಾನು ಸ್ವಲ್ಪ ಸ್ವಲ್ಪ ಕಲಿತೆ. ಬಾಲ ಸಡಿಲವಾಗಿದ್ದರೆ ಹಂದಿಯ ಹಳೆಯ ಜಾಡು. ಮುಂಗಾಲೊಂದನ್ನು ಎತ್ತಿ ನಿಂತರೆ ಪೊದೆಯೊಳಗೆ ಕಾಡುಕೋಳಿ. ಬೆನ್ನಿನ ಕೂದಲು ಕತ್ತಿನಿಂದ ಬಾಲದವರೆಗೆ ನಿಮಿರಿ, ಅವಳು ನನ್ನ ಕಾಲಿಗೆ ಒತ್ತಿಕೊಂಡು ನಿಂತರೆ ಅಂದು ಅಲ್ಲಿಂದಲೇ ಹಿಂದಿರುಗುವುದು. ಮಲೆನಾಡಿನಲ್ಲಿ ಚಿರತೆಗೆ ನಾಯಿಯೆಂದರೆ ಎಷ್ಟು ಇಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ. ಒಮ್ಮೆ ದಾರಿಗೆ ಅಡ್ಡವಾಗಿ ಬಿದ್ದಿದ್ದ ಬಿದಿರಿನ ಮುಂದೆ ಅವಳು ಹೀಗೆಯೇ ನಿಂತಳು. ನಾನು ಗದರಿಸಿದೆ, ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಬಿದಿರಿನಡಿಯಿಂದ ಒಂದು ಕಾಳಿಂಗ ಸರ್ಪವು ನಿಧಾನವಾಗಿ, ನಮ್ಮಿಬ್ಬರನ್ನೂ ಲೆಕ್ಕಿಸದೆ, ಕೆಳಗಿನ ಹಳ್ಳಕ್ಕೆ ಇಳಿದುಹೋಯಿತು. ಅಂದಿನಿಂದ ನಾನು ಗದರಿಸುವುದನ್ನು ಬಿಟ್ಟೆ.

ಕಷ್ಟಗಳೂ ಇದ್ದವು. ಮಳೆಗಾಲದಲ್ಲಿ ಇಂಬಳಗಳು ನನ್ನ ಕಾಲಿಗೆ ಹತ್ತಿದಂತೆಯೇ ಅವಳ ಬೆರಳ ಸಂದಿಗೂ ಹತ್ತುತ್ತಿದ್ದವು. ಒಂದು ಸಲ ಮೂಗಿನ ಹೊಳ್ಳೆಯೊಳಗೆ ಸೇರಿಕೊಂಡು ಮೂರು ದಿನ ಸೀನಿಸಿತು. ಬೇಸಿಗೆಯಲ್ಲಿ ಉಣುಗಿನ ಕಾಟ. ಇದು ನಗುವ ವಿಷಯವಲ್ಲ. ೧೯೫೭ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ ಬೆಳಕಿಗೆ ಬಂದ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಅದನ್ನು ಹರಡುವುದು ಈ ಉಣುಗೇ. ಬೇಸಿಗೆಯ ಸಂಜೆ ಜಗಲಿಯಲ್ಲಿ ಕೂತು ಅವಳ ಕಿವಿಯ ಹಿಂದಿನಿಂದ, ಕುತ್ತಿಗೆಯ ಮಡಿಕೆಯಿಂದ ಉಣುಗುಗಳನ್ನು ಚಿಮಟದಿಂದ ಹಿಡಿದು ತೆಗೆಯುವುದು ನನ್ನ ನಿತ್ಯಕರ್ಮವಾಯಿತು. ಮಕ್ಕಳ ತಲೆ ಬಾಚಿದ ಅನುಭವ ನನಗಿಲ್ಲ. ಆ ಸುಖ ನನಗೆ ದೊರೆತದ್ದು ಹೀಗೆ.

ನಮ್ಮ ಸಾಹಿತ್ಯದಲ್ಲಿ ಕಾಡಿನ ದಾರಿಯೂ ನಾಯಿಯೂ ಬೇರೆಬೇರೆಯಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ೧೯೬೭ರಲ್ಲಿ ಬಂತು. ಅದರ ಗುತ್ತಿಗೆ ಹುಲಿಯನೆಂಬ ನಾಯಿಯ ದೆಸೆಯಿಂದಲೇ ನಾಯಿಗುತ್ತಿಯೆಂಬ ಹೆಸರು. ೧೯೮೦ರ ‘ಕರ್ವಾಲೊ’ದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕಿವಿ ಇಲ್ಲದೆ ಹಾರುವ ಓತಿಯ ಹುಡುಕಾಟಕ್ಕೆ ಅರ್ಧ ರುಚಿ ಕಡಿಮೆ. ಇನ್ನೂ ಹಿಂದಕ್ಕೆ ಹೋದರೆ ಮಹಾಭಾರತ. ಜನಮೇಜಯನ ಯಾಗಶಾಲೆಯಲ್ಲಿ ತಪ್ಪಿಲ್ಲದೆ ಪೆಟ್ಟು ತಿಂದ ಸರಮೆಯ ಮರಿ ಅದರ ಮೊದಲಿನಲ್ಲಿದೆ; ಧರ್ಮರಾಯನ ಹಿಂದೆ ಹಿಮಾಲಯವನ್ನು ಏರಿದ ನಾಯಿ ಕೊನೆಯಲ್ಲಿದೆ. ಈ ಎರಡನ್ನೂ ನಾವು ಮೆಚ್ಚಿ ನೆನೆಯುತ್ತೇವೆ. ನಡುವೆ ಇನ್ನೊಂದು ನಾಯಿ ಇದೆ. ಪಾಂಡವರ ಬೇಟೆಯ ತಂಡದೊಡನೆ ಕಾಡಿಗೆ ಹೋಗಿ, ಅಲ್ಲಿ ತನ್ನಷ್ಟಕ್ಕೆ ಬಿಲ್ವಿದ್ಯೆಯ ಅಭ್ಯಾಸದಲ್ಲಿದ್ದ ಏಕಲವ್ಯನನ್ನು ಕಂಡು ಬೊಗಳಿದ ನಾಯಿ. ಬಾಯಿ ತುಂಬ ಬಾಣ ತುಂಬಿಸಿಕೊಂಡು ಹಿಂದಿರುಗಿದ ನಾಯಿ. ಅದರ ಬೊಗಳಿಕೆಯಿಂದ ಯಾರ ಹೆಬ್ಬೆರಳು ಹೋಯಿತೆಂಬುದು ನಮಗೆ ಗೊತ್ತು. ಆದರೂ ಅದನ್ನು ಅರಮನೆಯ ನಾಯಿ, ಕಾಡಿಗೆ ಪರಕೀಯ ನಾಯಿ ಎಂದು ನಾನು ತರಗತಿಯಲ್ಲಿ ಒಮ್ಮೆಯೂ ಹೇಳಿದವನಲ್ಲ.

ಎರಡು ವರ್ಷಗಳ ಹಿಂದೆ, ಮಾರ್ಗಶಿರದ ಒಂದು ಬೆಳಗ್ಗೆ. ಮಂಜು ಇನ್ನೂ ಎದ್ದಿರಲಿಲ್ಲ. ಅಬ್ಬಿಯಿಂದ ಮನೆಗೆ ನೀರು ತರುವ ಕೊಳವೆಯ ಬಾಯಿಗೆ ತರಗೆಲೆ ಕಟ್ಟಿಕೊಂಡಿದೆಯೆಂದು ಗೌಡರು ಹೊರಟಿದ್ದರು. ಅವರೊಡನೆ ನಾನೂ ಕಾಳಿಯೂ ಹೋದೆವು. ಗಡಿಕಲ್ಲಿಗೆ ಇಪ್ಪತ್ತು ಮಾರು ಈಚೆಗೆ ಹಳೆಯ ಮರವೊಂದು ಬಿದ್ದು ಟೊಳ್ಳಾಗಿದೆ. ಕಾಳಿ ಅದರ ಬಾಯಿಗೆ ಮೂತಿ ಇಟ್ಟದ್ದಷ್ಟೇ ನನಗೆ ಕಂಡದ್ದು. ಟೊಳ್ಳಿನ ಆಚೆಯ ತುದಿಯಿಂದ ಮೊಲದ ಗಾತ್ರದ, ಕಂದುಬಣ್ಣದ ಏನೋ ಒಂದು ಚಿಮ್ಮಿತು. ಮರುಕ್ಷಣ ಎರಡೂ ಕಲ್ಲನ್ನು ದಾಟಿ ಹಳುವಿನೊಳಗೆ ಮರೆಯಾದವು.

ನಾನು ಓಡಿ ಹೋಗಿ ಕಲ್ಲಿನ ಬಳಿ ನಿಂತೆ. ನಿಂತೆ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ನಿಯಮ ಪಾಲಿಸುವ ನಾಗರಿಕನಾಗಿ ಕಲ್ಲಿನ ಈಚೆಗೆ ಎರಡು ಪಾದಗಳನ್ನೂ ಊರಿಕೊಂಡು, ಆಚೆಗೆ ಹೋಗಿದ್ದ ನನ್ನ ನಾಯಿಯನ್ನು ಹೆಸರು ಹಿಡಿದು ಕೂಗುತ್ತಿದ್ದೆ. ಮೊದಲು ಬೊಗಳುವುದು ಕೇಳಿಸಿತು. ಅದು ನಾನು ಅದುವರೆಗೆ ಕೇಳಿದ್ದ ಕಾಳಿಯ ದನಿಯಾಗಿರಲಿಲ್ಲ, ತೆಳ್ಳಗೆ, ಒಂದೇ ಸಮನೆ, ದೂರ ದೂರಕ್ಕೆ. ಆಮೇಲೆ ಅದೂ ನಿಂತಿತು. ಗೌಡರು ಬಗ್ಗಿ ಟೊಳ್ಳಿನ ಬಾಯಿಯ ಹಸಿಮಣ್ಣನ್ನು ನೋಡಿ, ಕಿರುಬೆರಳಿನ ಉಗುರಿನಷ್ಟು ಗೊರಸಿನ ಗುರುತನ್ನು ತೋರಿಸಿದರು.

“ಬರ್ಕ,” ಎಂದರು.

ಕೂರವೆಂದೂ ಕರೆಯುವ ಈ ಪ್ರಾಣಿಯನ್ನು ನಾನು ಆವರೆಗೆ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಮೂರು ಕಿಲೋ ತೂಗಿದರೆ ಹೆಚ್ಚು. ಕೊಂಬಿಲ್ಲ; ಗಂಡಿಗೆ ಎರಡು ಕೋರೆ. ಮೈಮೇಲೆ ಬಿಳಿಯ ಚುಕ್ಕೆ ಗೀರುಗಳು. ಹಗಲೆಲ್ಲ ಇಂಥ ಟೊಳ್ಳಿನಲ್ಲೋ ಬಂಡೆಯ ಸಂದಿನಲ್ಲೋ ಅಡಗಿದ್ದು ರಾತ್ರಿ ಬಿದ್ದ ಹಣ್ಣನ್ನು ಮೇಯಲು ಹೊರಬೀಳುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಲಿಗೆ ಕೊಟ್ಟ ಮೊದಲ ಪಟ್ಟಿಯ ರಕ್ಷಣೆಯನ್ನೇ ಇದಕ್ಕೂ ಕೊಟ್ಟಿದೆ.

ಅರ್ಧ ಗಂಟೆಯ ಮೇಲೆ ಕಾಳಿ ಬಂದಳು. ನಾಲಗೆ ಇಳಿಬಿಟ್ಟು, ಬಾಲವಾಡಿಸುತ್ತ, ಬಹುಮಾನ ಗೆದ್ದುಬಂದ ಹುಡುಗಿಯ ಹಾಗೆ. ಮೂತಿಯ ಎಡಗಡೆ ರಕ್ತವಿತ್ತು. ಮುಳ್ಳು ತರಚಿದ ಅವಳ ರಕ್ತವೇ ಇರಬಹುದೆಂದು ನಾನು ಪಂಚೆಯ ತುದಿಯಿಂದ ಒರಸಿ ನೋಡಿದೆ. ಗಾಯ ಕಾಣಲಿಲ್ಲ.

ಗೌಡರು ಏನೂ ಹೇಳದೆ ಕೊಳವೆಯ ಬಾಯಿ ಬಿಡಿಸಿದರು. ಹಿಂದಿರುಗುವಾಗ ಉಣುಗೋಲಿನ ಬಳಿ ನಿಂತು, ತಮ್ಮ ಹರೆಯದ ಬೇಟೆಯ ಸುದ್ದಿ ತೆಗೆದರು. ಆರೇಳು ನಾಯಿಗಳನ್ನು ಬಿಟ್ಟು ಹಳು ನುಗ್ಗುತ್ತಿದ್ದರಂತೆ. ಒಂದು ಸಲ ಕೋಳಿಯನ್ನು ಹೊಡೆಯಲು ಹೋಗಿ, ನಾಯಿ ಎಬ್ಬಿಸಿದ ಗಬ್ಬದ ಕಾಡುಕುರಿಯನ್ನು ಹೊತ್ತು ತಂದದ್ದನ್ನು ಹೇಳುವಾಗ ಅವರ ದನಿ ಇಳಿಯಿತು. “ಕೋವಿ ಕೆಳಗಿಟ್ಟು ನಲ್ವತ್ತು ವರ್ಷಾತು. ನಾಯಿ ಕರ್ಕೊಂಡು ಕಾಡಿಗೆ ಹೋಗೋದೂ ಅವತ್ತೇ ಬಿಟ್ಟೆ. ನಿಮಗೆ ಹೇಳ್ಬೇಕೂಂತಿದ್ದೆ ಮೇಷ್ಟ್ರೇ. ಓದಿದೋರು, ನಿಮಗೇ ಗೊತ್ತಿರ್ತದೆ ಅಂತ ಸುಮ್ಮನಿದ್ದೆ.”

ನನಗೆ ಗೊತ್ತಿರಲಿಲ್ಲ. ನನ್ನ ಕೈಯಲ್ಲಿ ಕೋವಿಯಿರಲಿಲ್ಲ. ಬಗಲಿನಲ್ಲಿ ಛತ್ರಿ, ಜೇಬಿನಲ್ಲಿ ಕನ್ನಡಕ. ಇಷ್ಟರಿಂದಲೇ ನಾನು ಬೇಟೆಗಾರನಲ್ಲವೆಂದು ಕಾಡು ತಿಳಿದುಕೊಳ್ಳಬೇಕೆಂದು ನಾನು ಭಾವಿಸಿದ್ದೆ.

ಅರಣ್ಯರಕ್ಷಕನಿಗೆ ತಿಳಿಸುವುದೋ ಬೇಡವೋ ಎಂದು ಎರಡು ದಿನ ಕಳೆದೆ. ಈ ಎರಡು ದಿನಗಳ ವಿಷಯವನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಬಿಟ್ಟರೆ ಮಾತು ಪೂರ್ತಿಯಾಗುವುದಿಲ್ಲ. ಮೂರನೆಯ ದಿನ ಹೋಗಿ ಹೇಳಿದೆ. ಇನ್ನೂ ಮೂವತ್ತು ತುಂಬದ ತರುಣ. ಅಂದೇ ಆ ಕಡೆಯ ಹಳುವನ್ನೆಲ್ಲ ಹುಡುಕಿ ಬಂದು, “ಏನೂ ಸಿಗಲಿಲ್ಲ ಸಾರ್” ಎಂದ. ಸತ್ತಿರಲಿಲ್ಲವೋ, ಸತ್ತದ್ದನ್ನು ಬೇರೆ ಪ್ರಾಣಿ ಎಳೆದೊಯ್ದಿತ್ತೋ. ನಾನು ಮೊದಲನೆಯದನ್ನೇ ನಂಬಲು ಸಿದ್ಧನಾಗುತ್ತಿದ್ದಂತೆ ಅವನು, “ನಾಯಿಗೆ ಲಸಿಕೆ ಹಾಕ್ಸಿದೀರಾ ಸಾರ್?” ಎಂದು ಕೇಳಿದ. ಹುಚ್ಚುನಾಯಿ ರೋಗದ್ದು ಹಾಕಿಸಿದ್ದೇನೆಂದೆ. “ಅದಲ್ಲ, ಡಿಸ್ಟೆಂಪರ್‌ದು,” ಎಂದ. ಆ ಹೆಸರನ್ನು ನಾನು ಗೋಡೆಗೆ ಬಳಿಯುವ ಬಣ್ಣದ ಡಬ್ಬಿಯ ಮೇಲೆ ಮಾತ್ರ ಓದಿದ್ದೆ.

ಅನಂತರ ಓದಿದೆ, ಓದುವುದೊಂದೇ ನನಗೆ ಬರುವ ಪ್ರಾಯಶ್ಚಿತ್ತ. ೨೦೧೮ರ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕಂಡುಬಂದದ್ದು ಈ ರೋಗದ ವೈರಾಣು. ಆಫ್ರಿಕಾದ ಸೆರೆಂಗೆಟಿಯಲ್ಲಿ ೧೯೯೪ರಲ್ಲಿ ಅದೇ ರೋಗಕ್ಕೆ ಅಲ್ಲಿಯ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಇಲ್ಲವಾದವು. ಸುತ್ತಲಿನ ಊರುಗಳ ನಾಯಿಗಳಿಂದ ಬಂದಿತೆಂದು ಬಲ್ಲವರು ಬಗೆದರು. ನಮ್ಮ ಕಾಡಿನ ಸೀಳುನಾಯಿಗಳು ಇನ್ನೂ ಹತ್ತಿರದ ನಂಟರು. ಅವುಗಳಿಗೂ ಇದು ತಪ್ಪಿದ್ದಲ್ಲ. ಕನಿಷ್ಠ ೧೫,೦೦೦ ವರ್ಷಗಳ ಹಿಂದೆ ಕಾಡನ್ನು ಬಿಟ್ಟು ನಮ್ಮ ಬೆಂಕಿಯ ಬಳಿಗೆ ಬಂದ ಪ್ರಾಣಿ ಮರಳಿ ತವರಿಗೆ ಹೋದಾಗ ನಮ್ಮ ಊರಿನ ರೋಗವನ್ನು ಉಡುಗೊರೆಯಾಗಿ ಒಯ್ಯುತ್ತದೆ.

ಹಗ್ಗ ಹಾಕಿ ಕರೆದೊಯ್ದರಾಯಿತಲ್ಲವೇ ಎಂದು ನನ್ನ ಮನಸ್ಸು ವಕಾಲತ್ತು ಹೂಡಿತು. ಲಸಿಕೆ ಹಾಕಿಸಿದೆ, ಹಗ್ಗವನ್ನೂ ತಂದೆ. ಅಷ್ಟರಲ್ಲಿ ಇನ್ನೊಂದು ಬರಹ ಕಣ್ಣಿಗೆ ಬಿತ್ತು. ಆಸ್ಟ್ರೇಲಿಯಾದ ಸಿಡ್ನಿಯ ಹೊರವಲಯದ ಕಾಡುಗಳಲ್ಲಿ ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ಹಗ್ಗ ಹಿಡಿದ ನಾಯಿಯೊಡನೆ ಒಬ್ಬರು ನಡೆದುಹೋದ ಹಿಂದೆಯೇ ಹಕ್ಕಿಗಳನ್ನು ಎಣಿಸಿದಾಗ ಅವುಗಳ ಸಂಖ್ಯೆ ನೂರಕ್ಕೆ ೪೧ರಷ್ಟು, ಜಾತಿಗಳು ನೂರಕ್ಕೆ ೩೫ರಷ್ಟು ಕಡಿಮೆಯಾಗಿದ್ದವು. ಬರಿಯ ಮನುಷ್ಯ ನಡೆದಾಗ ಇಷ್ಟು ಕಡಿಮೆಯಾಗಲಿಲ್ಲ. ನಾನು ಮೂರು ವರ್ಷ ಕಾಳಿಯೊಡನೆ ತಿರುಗಿ, ಕಾಡು ಎಷ್ಟು ಪ್ರಶಾಂತವೆಂದು ಮನೆಗೆ ಬಂದು ಟಿಪ್ಪಣಿ ಬರೆಯುತ್ತಿದ್ದೆ. ಆ ಪ್ರಶಾಂತತೆ ನಾವಿಬ್ಬರೂ ತಂದದ್ದು. ಉಸಿರು ಬಿಗಿಹಿಡಿದ ಮನೆಯೊಳಗೆ ನಿಂತು, ಎಷ್ಟು ಸೊಗಸಾದ ಮೌನವೆಂದು ನಾನು ಹೊಗಳುತ್ತಿದ್ದೆ.

ಕಳೆದ ವರ್ಷ ಬೆಂಗಳೂರಿಗೆ ಹೋದಾಗ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲನ್ನು ಮತ್ತೆ ನೋಡಿದೆ. ಹಿಂದೆ ನೋಡಿದಾಗ ಅಕ್ಷರಗಳನ್ನು ನೋಡಿದ್ದೆ. ಈ ಸಲ ಶಿಲ್ಪದ ಮುಂದೆ ನಿಂತೆ. ನಾಯಿಯ ಎದುರಿಗೆ ಹಂದಿಯೂ ಇದೆ, ಅದಕ್ಕಿಂತ ಸಣ್ಣದಾಗಿಯಲ್ಲ, ಅಂಜಿದಂತೆಯೂ ಅಲ್ಲ. ಗೌಡರ ಪ್ರಶ್ನೆಗೆ ಶಿಲ್ಪಿ ಸಾವಿರ ವರ್ಷಗಳ ಹಿಂದೆಯೇ ಏನೋ ಹೇಳಿದ್ದಾನೆ. ಆದರೆ ಭೂಮಿ, ಪೂಜೆ ಎಲ್ಲ ನಾಯಿಯ ಪಾಲಿಗೆ. ಅಲ್ಲಿಗೆ ಬಂದಿದ್ದ ಶಾಲೆಯ ಮಕ್ಕಳಿಗೆ ಅವರ ಉಪಾಧ್ಯಾಯಿನಿ ಸ್ವಾಮಿನಿಷ್ಠೆಯ ಮಾತನ್ನೇ ಹೇಳುತ್ತಿದ್ದರು. ನನ್ನ ಶಿಷ್ಯೆಯೇ ಇರಬಹುದೇನೋ ಎಂದು ಹೆದರಿ ಪಕ್ಕದ ಕೋಣೆಗೆ ಸರಿದೆ.

ಈಗ ಬೆಳಗಿನ ಹೊತ್ತು ನಾನೊಬ್ಬನೇ ಹೊರಡುತ್ತೇನೆ. ಮೊದಲ ತಿಂಗಳು ಕಾಳಿಯ ಗೋಳು ಕೇಳಲಾಗುತ್ತಿರಲಿಲ್ಲ. ಈಗ ಅವಳು ಉಣುಗೋಲಿನವರೆಗೆ ಬಂದು, ಮುಂಗಾಲು ಚಾಚಿ ಮಲಗಿ, ನಾನು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಿರುತ್ತಾಳೆ. ನಷ್ಟವಾಗಿಲ್ಲವೆಂದು ಹೇಳಲಾರೆ. ಹೆಬ್ಬಲಸಿನ ಬುಡದಲ್ಲಿ ನಾನು ದಿನವೂ ನಿಲ್ಲುತ್ತೇನೆ, ಬೇರನ್ನು ನೋಡುತ್ತೇನೆ, ಏನೂ ತಿಳಿಯುವುದಿಲ್ಲ. ಬಿದಿರು ಬಿದ್ದಿರುವ ಕಡೆ ಕೋಲಿನಿಂದ ತಟ್ಟಿ ಮುಂದೆ ಹೋಗುತ್ತೇನೆ. ಆದರೆ ಬಂಡೆಯೊಂದರ ಮೇಲೆ ಅರ್ಧ ಗಂಟೆ ಅಲುಗದೆ ಕುಳಿತರೆ, ಮೊದಲು ಸಿಳ್ಳಾರನ ದನಿ ಬರುತ್ತದೆ, ಆಮೇಲೆ ಮಂಗಟ್ಟೆಗಳು. ಒಮ್ಮೆ ಸಿಂಗಳೀಕಗಳ ಒಂದು ಗುಂಪು ತಲೆಯ ಮೇಲೆಯೇ ಹಾದುಹೋಯಿತು; ಮರಿಯೊಂದು ನನ್ನನ್ನು ನೋಡಿ, ನೋಡಲು ತಕ್ಕದ್ದೇನೂ ಇಲ್ಲವೆಂದು ಮುಖ ತಿರುಗಿಸಿತು. ಬರ್ಕವನ್ನು ಮತ್ತೆ ಕಂಡಿಲ್ಲ. ಆ ಟೊಳ್ಳಿನ ಬಳಿ ಹೋಗುವುದನ್ನು ಬಿಟ್ಟಿದ್ದೇನೆ.

ಮನೆಗೆ ಮರಳಿದಾಗ ಕಾಳಿ ಬಾಲವಾಡಿಸುವುದಕ್ಕೆ ಮುಂಚೆ ನನ್ನ ಕಾಲುಗಳನ್ನು ಪರೀಕ್ಷಿಸುತ್ತಾಳೆ. ಚಪ್ಪಲಿಯಿಂದ ಆರಂಭಿಸಿ, ಪಂಚೆಯ ಅಂಚು, ಕೋಲಿನ ತುದಿ, ಎಲ್ಲವನ್ನೂ ಅವಸರವಿಲ್ಲದೆ ಓದುತ್ತಾಳೆ. ಮೊನ್ನೆ ಪಂಚೆಯ ಒಂದು ಮಡಿಕೆಯ ಬಳಿ ಬಹಳ ಹೊತ್ತು ನಿಂತಳು. ಬೆನ್ನಿನ ಕೂದಲು ಮೆಲ್ಲಗೆ ಎದ್ದಿತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ಆಮೇಲೆ ಕಾಡಿನ ಕಡೆಗೆ ನೋಡಿದಳು. ಯಾರ ಪಕ್ಕದಲ್ಲಿ ನಾನು ಅಂದು ಕುಳಿತುಬಂದಿದ್ದೆನೋ ಅವಳಿಗೆ ಗೊತ್ತಾಗಿತ್ತು. ನನಗೆ ಗೊತ್ತಾಗಲಿಲ್ಲ. ಚಿಮಟವನ್ನು ತೆಗೆದುಕೊಂಡು ಜಗಲಿಯ ಮೇಲೆ ಕುಳಿತೆ. ಅಂದು ಉಣುಗು ಇದ್ದದ್ದು ನನ್ನ ಕಾಲಿನಲ್ಲಿ.

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)